ಕೆಂಪು ಕಾಣದ ಜಾಗ

ಅವರು ಬಂದದ್ದು ಓದುವ ಕನ್ನಡಕ ಮಾಡಿಸಿಕೊಳ್ಳಲು. ಬೀಳಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಸಣಕಲು ಮೈ, ನೆಟ್ಟಗಿನ ಬೆನ್ನು, ಕುರ್ಚಿಯ ಅಂಚಿನಲ್ಲಿ ಕೂತ ರೀತಿ ನೋಡಿದರೆ ಈಗಲೇ ಎದ್ದು ಓಡುತ್ತಾರೇನೋ ಅನ್ನಿಸುವಂತಿತ್ತು. ಜಮಖಂಡಿಯ ನನ್ನ ಕಣ್ಣಿನ ದವಾಖಾನೆಯಲ್ಲಿ ಅಂದು ಗದ್ದಲವೋ ಗದ್ದಲ. ಹೊರಗಿನ ಬೆಂಚಿನ ಮೇಲೆ ಪೊರೆ ಬಂದ ಅಜ್ಜ ಅಜ್ಜಿಯರು ತುಂಬಿದ್ದರು. ಇದು ಬೇಗ ಮುಗಿಯುವ ಕೆಲಸ ಅಂದುಕೊಂಡೇ ಅವರನ್ನು ಒಳಗೆ ಕರೆದಿದ್ದೆ.

"ಚಾಳೀಸ ಬಂದಂಗ ಕಾಣಸ್ತೈತ್ರಿ. ಸ್ಟಾಪ್‌ವಾಚಿನ ಅಂಕಿ ಓದಾಕ ಆಗವಲ್ದು" ಅಂದರು.

ದೂರದ ಅಕ್ಷರಗಳ ಫಲಕದಲ್ಲಿ ಎರಡೂ ಕಣ್ಣಿಂದ ಕೊನೆಯ ಸಾಲಿನವರೆಗೆ ಓದಿದರು. ಹತ್ತಿರದ್ದಕ್ಕೆ ಆ ವಯಸ್ಸಿಗೆ ಬೇಕಾದಷ್ಟೇ ಗಾಜು ಹಾಕಿ, ಓದುವ ಕಾರ್ಡು ಕೈಗೆ ಕೊಟ್ಟೆ. ಓದಿದರು. ಆದರೆ ಓದುವ ರೀತಿ ಸರಿ ಇರಲಿಲ್ಲ. ಒಂದು ಅಕ್ಷರ ಹಿಡಿಯುತ್ತಿದ್ದರು, ಅದರ ಪಕ್ಕದ್ದನ್ನು ನುಂಗುತ್ತಿದ್ದರು, ಕತ್ತು ತುಸು ಹೊರಳಿಸಿ ನುಂಗಿದ್ದನ್ನು ಮತ್ತೆ ಹಿಡಿಯುತ್ತಿದ್ದರು. ಎಷ್ಟು ಚುರುಕಾಗಿ ಅಂದರೆ, ಅವರಿಗೇ ಅದು ಗೊತ್ತಾಗುತ್ತಿರಲಿಲ್ಲ. ಗಾಜು ಬದಲಿಸಿ ನೋಡಿದೆ. ಅದೇ ಕಥೆ.

ಗಲ್ಲವನ್ನು ಯಂತ್ರದ ಮೇಲೆ ಇರಿಸಿ, ಸಣ್ಣ ಸೀಳಿನ ಬೆಳಕನ್ನು ಕಣ್ಣಿನ ಮೇಲೆ ಹಾಯಿಸಿದೆ. ಕಾರ್ನಿಯಾ ಅನ್ನುವ ಮುಂದಿನ ಗಾಜಿನಂಥ ಪೊರೆಯಲ್ಲಿ, ಕೆಳಗಿನ ಅರ್ಧದಲ್ಲಿ, ಕಂದುಬಂಗಾರದ ತೆಳ್ಳನೆಯ ಗೆರೆಗಳು ಸುಳಿ ಸುತ್ತಿಕೊಂಡಿದ್ದವು. ಇಂಥ ಸುಳಿ ತಾನಾಗಿ ಬರುವುದು ಅಪರೂಪ. ಕೆಲವು ಔಷಧಗಳು ಇದನ್ನು ಬರೆಯುತ್ತವೆ.

"ಯಾವುದಾರ ಗುಳಗಿ ದಿನಾ ತಗೋತೀರೇನ್ರಿ ಬಾಯಾರ?"

"ಇಲ್ರಿ."

"ಮಲೇರಿಯಾದ್ದು?"

ಅವರ ಕೈ ತಾನಾಗಿಯೇ ಸೆರಗಿನ ತುದಿ ಹಿಡಿದು ಕೆನ್ನೆಯ ಕಡೆ ಹೋಯಿತು. "ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಕಣ್ಣಾಗ ಕಾಣಾಕತ್ತೈತಿ."

ಬಾಗಿಲು ಹಾಕು ಎಂದು ನರ್ಸಿಗೆ ಸನ್ನೆ ಮಾಡಿದೆ. ಆಮೇಲೆ ಅವರು ಕರವಸ್ತ್ರದಿಂದ ಪೌಡರು ಒರೆಸಿ ಎರಡೂ ಕೆನ್ನೆ ತೋರಿಸಿದರು. ನಡುವೆ ಬಿಳಿಚಿ ತಗ್ಗಾದ, ಅಂಚಿನಲ್ಲಿ ಕಪ್ಪಾದ ಹಳೆಯ ಕಲೆಗಳು. ಕಿವಿಯ ಹಾಲೆಯ ಮೇಲೆ ಇನ್ನೊಂದು. ಚರ್ಮದ ಲೂಪಸ್. ರೋಗದಿಂದ ಕಾಯಬೇಕಾದ ದೇಹದ ಪಹರೆಯೇ ತಿರುಗಿ ತನ್ನ ಚರ್ಮದ ಮೇಲೆ ಬೀಳುವ ಕಾಯಿಲೆ ಇದು. ಅದನ್ನು ಕೆರಳಿಸುವುದರಲ್ಲಿ ಬಿಸಿಲು ಎಲ್ಲಕ್ಕಿಂತ ಮುಂದು.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟು, ಸರಕಾರ ಕೊಟ್ಟ ಹೊಸ ಜಾಗಕ್ಕೆ ಅವರ ಶಾಲೆ ಹೋದ ವರ್ಷವೇ ಕಲೆ ಶುರುವಾಯಿತಂತೆ. ಮೊದಲು ಜನ ದೊಡ್ಡ ರೋಗ, ಅಂದರೆ ಕುಷ್ಠ, ಅಂದರು. ಆರೋಗ್ಯ ಇಲಾಖೆಯವರೊಬ್ಬರು ಬಂದು, ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರಿಗೇ ಕೆನ್ನೆಗೆ ಸೂಜಿ ಚುಚ್ಚಿ "ನೋಯ್ತದೇನ್ರಿ?" ಎಂದು ಕೇಳಿದರಂತೆ. ನೋಯುತ್ತದೆ ಎಂದರೂ ಮರುದಿನದಿಂದ ಅವರ ಚಹದ ಕಪ್ಪು ಬೇರೆಯಾಯಿತು. ಕೊನೆಗೆ ಜಮಖಂಡಿಗೆ ವಾರಕ್ಕೊಮ್ಮೆ ಬರುವ ಚರ್ಮದ ವೈದ್ಯರು ರೋಗ ಗುರುತಿಸಿ ಕ್ಲೋರೋಕ್ವಿನ್ ಕೊಟ್ಟರು. ಮಲೇರಿಯಾಕ್ಕೆ ಕೊಡುವ ಅದೇ ಮಾತ್ರೆ. ಅದು ಈ ದಾರಿ ತಪ್ಪಿದ ಪಹರೆಯನ್ನು ತಣ್ಣಗಾಗಿಸುತ್ತದೆ, ಚರ್ಮಕ್ಕೆ ಬಿಸಿಲಿನ ಮೇಲಿರುವ ಸಿಟ್ಟನ್ನು ಇಳಿಸುತ್ತದೆ. ಕಲೆಗಳು ಅಲ್ಲಿಗೇ ನಿಂತವು.

"ಆ ಗುಳಗಿ ಸಿಗಲಿಲ್ಲಂದ್ರ ನಾ ನೌಕರಿ ಬಿಟ್ಟ ಮನ್ಯಾಗ ಕುಂದರತಿದ್ದೇರಿ. ಅದ ನನಗ ದೇವರಿದ್ದಂಗ."

"ದಿನಕ್ಕ ಎಷ್ಟ ತಗೋತೀರಿ?"

"ಒಂದ ರೀ."

ಒಂದು ಮಾತ್ರೆಗೂ ಆ ಸುಳಿಗೆರೆ ಬರಬಹುದು. ಆದರೆ ಇಷ್ಟು ದಟ್ಟವಾಗಿ ಬಂದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಗೆರೆಗಳಿಂದ ಕೇಡಿಲ್ಲ, ಔಷಧ ಬಿಟ್ಟರೆ ಮಾಸಿ ಹೋಗುತ್ತವೆ. ಭಯ ಇರುವುದು ಹಿಂದೆ, ರೆಟಿನಾದಲ್ಲಿ. ಮಾತ್ರೆ ಮೈತೂಕಕ್ಕೆ ತಕ್ಕದ್ದಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ, ನೋಟದ ನಟ್ಟನಡುವಿನ ಬಿಂದುವನ್ನು ಬಿಟ್ಟು ಅದರ ಸುತ್ತಲಿನ ಜಾಗ ಉಂಗುರದಂತೆ ಸಾಯುತ್ತ ಬರುತ್ತದೆ. ನಡುವೆ ಚೆನ್ನಾಗಿರುವುದರಿಂದ ಫಲಕದ ಕೊನೆಯ ಸಾಲೂ ಕಾಣುತ್ತದೆ. ರೋಗಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ವೈದ್ಯರ ಕಣ್ಣಿಗೆ ಆ ಉಂಗುರ ಸ್ಪಷ್ಟವಾಗಿ ಬೀಳುವ ಹೊತ್ತಿಗೆ ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ.

ಹನಿ ಹಾಕಿ ಪಾಪೆ ಹಿಗ್ಗಿಸಿ ಹಿಂದಿನ ಪರದೆ ನೋಡಿದೆ. ನಡುಭಾಗದ ಹೊಳಪು ಮಂಕಾಗಿದೆಯೋ ಅಥವಾ ಅದು ನನ್ನ ಅನುಮಾನದ ಮಂಕೋ, ಹೇಳಲು ಬರಲಿಲ್ಲ. ಚೌಕಳಿ ಗೆರೆಯ ಕಾರ್ಡು ಕೊಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ ಗೆರೆಗಳು ಎಲ್ಲಾದರೂ ಮಾಸಿವೆಯೇ ಹೇಳಿ ಎಂದೆ. ಅವರ ಕಣ್ಣು ಚುಕ್ಕಿಯ ಮೇಲೆ ನಿಂತರೆ ತಾನೆ! ಕಾರ್ಡಿನ ನಾಲ್ಕೂ ಮೂಲೆಗೆ ಹೋಗಿ ಬಂತು.

"ಎಲ್ಲಾ ಗೆರಿ ನೆಟ್ಟಗ ಅದಾವ್ರಿ."

ಮಾತ್ರೆ ನಿಲ್ಲಿಸಬೇಕಾದೀತು ಎಂದೆ. ಅವರು ಕರವಸ್ತ್ರ ಮಡಚಿ ಎದ್ದು ನಿಂತರು. "ಚಾಳೀಸ ಬರದ ಕೊಡ್ರಿ" ಅಂದರು.

ಆ ವಾರವೇ ಚರ್ಮದ ವೈದ್ಯರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಆದರೆ ಅವರ ಬಾಗಿಲಲ್ಲೂ ನನ್ನ ಬಾಗಿಲಷ್ಟೇ ಜನ. "ದಿನಕ್ಕೆ ಒಂದೇ ಬರೆದಿದ್ದೇನೆ ಮೇಡಂ, ಅವರ ತೂಕಕ್ಕೆ ಅದು ಮಿತಿಯೊಳಗೇ ಇದೆ. ಬಿಟ್ಟರೆ ಮುಖ ಮತ್ತೆ ಒಡೆಯುತ್ತದೆ. ಒಡೆದರೆ ಉಳಿಯುವ ಕಲೆ ಜನ್ಮಕ್ಕೂ ಹೋಗುವುದಿಲ್ಲ. ನಿಮ್ಮ ಕಡೆಯಿಂದ ಏನಾದರೂ ಪುರಾವೆ ಇದೆಯೇ?" ಎಂದರು. ಇದೇ ಜಾತಿಯ, ಕಣ್ಣಿಗೆ ತುಸು ಹಗುರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅವರ ಊರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅದಕ್ಕೇ ಇದನ್ನು ಕೊಟ್ಟದ್ದು ಎಂದೂ ಹೇಳಿದರು. ಅವರು ಕೇಳಿದ್ದು ನ್ಯಾಯವೇ. ನನ್ನ ಕೈಯಲ್ಲಿ ಪುರಾವೆ ಇರಲಿಲ್ಲ, ಇದ್ದದ್ದು ನುಂಗಿದ ಅಕ್ಷರಗಳು ಮಾತ್ರ.

ಪುರಾವೆ ಬೇಕೆಂದರೆ ದೃಷ್ಟಿಕ್ಷೇತ್ರ ಅಳೆಯುವ ಯಂತ್ರ ಬೇಕು. ಅಂಥದ್ದು ಆಗ ಜಮಖಂಡಿಯಲ್ಲಿ, ಮುಧೋಳದಲ್ಲಿ, ರಬಕವಿ-ಬನಹಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ದೂರದ ನಗರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟೆ. ಅವರು ಹೋಗುವುದೇ ತಡವಾಯಿತು. ಶಾಲೆಗೆ ರಜೆ ಸಿಗಲಿಲ್ಲ, ರಜೆ ಸಿಕ್ಕ ದಿನ ಯಂತ್ರ ಕೆಟ್ಟಿತ್ತು, ಮತ್ತೊಮ್ಮೆ ಹೋಗಬೇಕಾಯಿತು. ಕೊನೆಗೆ ಬಂದ ವರದಿ ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ರೋಗಿಯ ಕಣ್ಣು ಒಂದೆಡೆ ನಿಲ್ಲದ ಕಾರಣ ಪರೀಕ್ಷೆ ನಂಬಲರ್ಹವಲ್ಲ, ಹಿಂಭಾಗದ ಪರದೆ ಸಹಜ, ವರ್ಷ ಬಿಟ್ಟು ತೋರಿಸಿ.

ತಪ್ಪು ಆಸ್ಪತ್ರೆಯವರದಲ್ಲ. ಆ ಪರೀಕ್ಷೆಯಲ್ಲಿ ಬೋಗುಣಿಯಂಥ ಬಿಳಿ ಗೋಡೆಯ ನಡುವಿನ ಒಂದು ದೀಪವನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಮಿಂಚುವ ಚುಕ್ಕಿಗಳು ಓರೆಗಣ್ಣಿಗೆ ಕಂಡರೆ ಗುಂಡಿ ಒತ್ತಬೇಕು. ಚುಕ್ಕಿಯ ಬೆನ್ನು ಹತ್ತಿದರೆ ಪರೀಕ್ಷೆ ಹಾಳು. ಈ ಹೆಂಗಸು ಹರೆಯದಲ್ಲಿ ಜಿಲ್ಲೆಗೆ ಖೋ ಖೋ ಆಡಿದವರು. ಓಡುವುದನ್ನು ಬೆನ್ನು ಹತ್ತುವುದೇ ಆ ಕಣ್ಣಿನ ಜನ್ಮದ ಅಭ್ಯಾಸ.

ಅವರಿಗಂತೂ ಗೆದ್ದ ಹಿಗ್ಗು. "ನೋಡ್ರಿ, ಏನೂ ಇಲ್ಲಂತ. ಅಷ್ಟ ದೊಡ್ಡ ದವಾಖಾನ್ಯಾಗ ಹೇಳ್ಯಾರ."

"ಏನೂ ಇಲ್ಲ ಅಂತ ಹೇಳಿಲ್ರಿ. ನೋಡಾಕ ಆಗಲಿಲ್ಲ ಅಂತ ಬರದಾರ."

"ಎರಡೂ ಒಂದ ಅಲ್ರಿ?"

ಅಲ್ಲ ಎಂದು ವಿವರಿಸಲು ಹೋದೆ. ಅವರಿಗೆ ಬಸ್ಸಿನ ಹೊತ್ತಾಗಿತ್ತು.

ಮುಂದೆ ಅವರು ಬರಲೇ ಇಲ್ಲ. ಎರಡು ಸಲ ಶಾಲೆಗೆ ಫೋನು ಮಾಡಿದೆ. ಎರಡೂ ಸಲ ಹೆಡ್‌ಮಾಸ್ತರರು ಎತ್ತಿ "ಬಾಯಾರು ಗ್ರೌಂಡಿನ್ಯಾಗ ಅದಾರ್ರಿ" ಅಂದರು. ಇನ್ನು ನನಗೇಕೆ ಈ ಉಸಾಬರಿ ಅನ್ನಿಸಿತು. ಪರೀಕ್ಷೆಗೆ ಬಾ ಎಂದು ರೋಗಿಯ ಬೆನ್ನು ಬೀಳುವುದು ಯಾವ ವೈದ್ಯರಿಗೂ ಶೋಭೆಯಲ್ಲ. ಹಾಗಂತ ಮರೆಯಲೂ ಆಗಲಿಲ್ಲ. ಚಾಳೀಸಿಗೆ ಬಂದವರು ಯಾರೇ ಕಾರ್ಡು ಓದುವಾಗ ತಡವರಿಸಿದರೂ ಅವರ ನೆನಪಾಗಿ ಸಿಡಿಮಿಡಿ ಆಗುತ್ತಿತ್ತು.

ಬೇಸಿಗೆಯ ಮುಂಚೆ ಪೊರೆ ತಪಾಸಣೆಯ ಶಿಬಿರಕ್ಕೆಂದು ನಮ್ಮನ್ನು ಬೀಳಗಿ ಕಡೆ ಕರೆದರು. ಜಾಗ ನೋಡಿದರೆ ಅವರದೇ ಶಾಲೆ. ಕೆಂಪು ಗರಸಿನ ದಿಬ್ಬದ ಮೇಲೆ ಸಾಲು ಮನೆಗಳ ಹೊಸ ಊರು. ಹಳೆಯ ಊರಿನ ಬೇವಿನ ಮರಗಳೆಲ್ಲ ನೀರೊಳಗೆ. ಇಲ್ಲಿ ನೆಟ್ಟ ಸಸಿಗಳು ಬೇಲಿಯೊಳಗೇ ಒಣಗಿದ್ದವು. ಶಾಲೆಯ ಮೈದಾನದ ಈ ತುದಿಯಿಂದ ಆ ತುದಿಗೆ ಒಂದು ಕೈಯಗಲ ನೆರಳಿಲ್ಲ. ಮಟಮಟ ಮಧ್ಯಾಹ್ನ, ಹುಡುಗಿಯರು ಖೋ ಖೋ ಸಾಲಿನಲ್ಲಿ ಕೂತಿದ್ದರು. ಬಾಯಾರು ಸೀಟಿ ಊದುತ್ತ ನಡುವೆ ನಿಂತಿದ್ದರು, ತಲೆಯ ಮೇಲೆ ಏನೂ ಇಲ್ಲದೆ.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಟದ ನಡುವೆ ನೀರು ಕುಡಿಯಲು ಜಗಲಿಗೆ ಬಂದರು. ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಎರಡು ಒಡೆದು ಬಾಯಿಗೆ ಹಾಕಿಕೊಂಡರು. ತಿರುಗಿ ಬಿಸಿಲಿಗಿಳಿಯುವಷ್ಟರಲ್ಲಿ ನಾನು ಹೊರಗೆ ಬಂದಿದ್ದೆ.

"ಮುಂಜಾನಿದು ಎಷ್ಟ ಆಗಿತ್ತು ಬಾಯಾರ?"

ಬೆಚ್ಚಿದರು. ಸುಳ್ಳು ಹೇಳಲು ಬಾಯಿ ತೆರೆದು, ಆಗದೆ, "ಒಂದ" ಅಂದರು. ಆಮೇಲೆ ದನಿ ಬಿಗಿಯಿತು. "ಬಿಸಲಾಗ ಹೋಗೂಮುಂದ ಎರಡು ಹಾಕ್ಕೋತೇನ್ರಿ. ತಾಲೂಕಾ ಮ್ಯಾಚ್ ಬಂದಾಗ ಇನ್ನೊಂದು. ದಿನಾ ಅಲ್ರಿ, ಆಟ ಇದ್ದ ದಿನಾ."

"ಆಟ ಇಲ್ಲದ ದಿನಾ ಯಾವುದೈತಿ?"

ಅವರು ಪಟ್ಟಿಯನ್ನು ಚೀಲಕ್ಕೆ ತುರುಕಿದರು.

"ಇದನ್ನ ಯಾರ ಹೇಳಿ ಕೊಟ್ರು ನಿಮಗ?"

"ಯಾಕ ಹೇಳಿಕೊಡಬೇಕ್ರಿ? ಬಿಸಲಿಗಿ ಮಾರಿ ಸುಡ್ತೈತಿ, ಗುಳಗಿ ತಗೊಂಡ್ರ ಸುಡೂದಿಲ್ಲ. ಬಿಸಲ ಹೆಚ್ಚಾದ್ರ ಗುಳಗಿ ಹೆಚ್ಚ. ಅಷ್ಟ ತಿಳೀಲಾರದ್ದೇನೈತಿ?"

"ಛತ್ರಿ, ಟೋಪಿಗಿ, ಲೋಶನ್ನು? ಚರ್ಮದ ಡಾಕ್ಟರು ಹೇಳಿರಲಿಲ್ಲೇನು?"

"ಹೇಳಿದ್ರು. ಛತ್ರಿ ಹಿಡಕೊಂಡ ಖೋ ಖೋ ಕಲಸಾಕ ಬರ್ತೈತೇನ್ರಿ? ಹುಡಿಗ್ಯಾರ ನಗತಾರ. ಮಾಸ್ತರಗೋಳ ಮತ್ತ ಕೇಳಾಕ ಶುರು ಮಾಡ್ತಾರ, ಬಾಯಾರ ಮಾರಿಗೇನಾತು ಅಂತ. ಚಹದ ಕಪ್ಪ ಮತ್ತ ಬ್ಯಾರೆ ಆಕ್ಕೈತಿ."

ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಅವರ ಮೇಲೋ, ಹಳೆಯ ಚೀಟಿ ತೋರಿಸಿದಷ್ಟಕ್ಕೇ ವರ್ಷಗಟ್ಟಲೆ ಮಾತ್ರೆ ಕೊಡುತ್ತ ಬಂದ ಔಷಧ ಅಂಗಡಿಯವರ ಮೇಲೋ, ಮರವಿಲ್ಲದ ಈ ಮೈದಾನದ ಮೇಲೋ, ನನಗೇ ತಿಳಿಯಲಿಲ್ಲ. ಮಾತ್ರೆ ಮತ್ತು ನೆರಳು ಎರಡೂ ಸೇರಿಯೇ ಚಿಕಿತ್ಸೆ, ಒಂದರ ಬದಲು ಇನ್ನೊಂದಲ್ಲ ಎಂದು ನಾನು ಹೇಳುತ್ತಿದ್ದಂತೆಯೇ ಅವರು ಸೀಟಿ ಬಾಯಿಗಿಟ್ಟುಕೊಂಡು ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿ, "ನನ್ನ ಕಣ್ಣ ಛಲೋ ಅದಾವ್ರಿ. ಖರೆ ಹಾಳಾಗಿದ್ರ ನನಗ ಕಾಣಬೇಕಲ್ಲ?" ಅಂದರು.

ಶಿಬಿರ ಮುಗಿಸಿ ಬರುವಾಗ ಜೀಪಿನಲ್ಲಿ ಅದೇ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅದುವರೆಗೆ ನಾನು ಪುರಾವೆ ಹುಡುಕುತ್ತಿದ್ದದ್ದು ಚರ್ಮದ ವೈದ್ಯರಿಗಾಗಿ. ಪುರಾವೆ ಬೇಕಾದದ್ದು ಈ ಹೆಂಗಸಿಗೆ. ಯಂತ್ರದ ಅಚ್ಚಾದ ಕಾಗದವಲ್ಲ, ಅವರ ಕಣ್ಣಿಗೇ ಕಾಣುವಂಥದ್ದು. ಯಂತ್ರ ಬರುವ ಮುಂಚೆ ವೈದ್ಯರು ಇದೇ ಕೆಲಸವನ್ನು ಒಂದು ಕರಿ ಬಟ್ಟೆ ಮತ್ತು ಕೆಲವು ಸೂಜಿಗಳಿಂದ ಮಾಡುತ್ತಿದ್ದರು. ಓದುವಾಗ ನಮ್ಮ ಕಾಲೇಜಿನ ಮೂಲೆಯೊಂದರಲ್ಲಿ ಅಂಥ ಪರದೆ ಧೂಳು ತಿನ್ನುತ್ತ ತೂಗಾಡುತ್ತಿತ್ತು. ಅದನ್ನು ನಾನೇ ಮಾಡುವುದೆಂದು ನಿರ್ಧರಿಸಿದೆ.

ಬನಹಟ್ಟಿಯಿಂದ ಕರಿ ಬಟ್ಟೆ ತರಿಸಿದೆ. ಒಳ್ಳೆಯ ನುಣುಪು ಬಟ್ಟೆಯನ್ನೇ ಆರಿಸಿ ಕಳಿಸಿದ್ದರು. ಗೋಡೆಗೆ ಬಿಗಿದು ದೀಪ ಹಾಕಿದರೆ ಬಟ್ಟೆಯೆಲ್ಲ ಮಿರಿಮಿರಿ ಮಿಂಚಿತು. ಮಿಂಚುವ ಪರದೆಯ ಮೇಲೆ ಚುಕ್ಕಿ ಮಾಯವಾದರೆ ಕಣ್ಣಿನ ದೋಷವೋ ಹೊಳಪಿನ ದೋಷವೋ? ಬಿಚ್ಚಿ ಮೂಲೆಗೆ ಎಸೆದೆ. ಎರಡನೆಯ ಸಲ, ಹೊಳಪಿಲ್ಲದ ಒರಟು ಹತ್ತಿಯದೇ ಬೇಕು, ಚೆಂದ ಕಾಣುವುದು ಬೇಡವೇ ಬೇಡ ಎಂದು ಹೇಳಿ ಕಳಿಸಿದೆ. ಟೇಲರ್ ಅಂಗಡಿಯಲ್ಲಿ ಅದರ ಮೇಲೆ ಒಂದರ ಸುತ್ತ ಒಂದರಂತೆ ಕರಿ ದಾರದಲ್ಲೇ ವೃತ್ತಗಳನ್ನು, ನಟ್ಟನಡುವೆ ಅಂಗಿಯ ಒಂದು ಬಿಳಿ ಗುಂಡಿಯನ್ನು ಹೊಲಿಸಿದೆ. ಎದುರು ಕೂತವರಿಗೆ ಹೊಲಿಗೆ ಕಾಣುವುದಿಲ್ಲ, ಪರದೆಯ ಪಕ್ಕ ನಿಂತ ನನಗೆ ಕಾಣುತ್ತದೆ. ಸ್ವೆಟರ್ ಹೆಣೆಯುವ ಸೂಜಿಗೆ ಕರಿ ಬಣ್ಣ ಬಳಿದು, ಒಂದರ ತುದಿಗೆ ಬಿಳಿ ಮಣಿ, ಇನ್ನೊಂದರ ತುದಿಗೆ ಕೆಂಪು ಮಣಿ ಅಂಟಿಸಿದೆ. ಈ ಕಾಯಿಲೆಯಲ್ಲಿ ಮೊದಲು ಮಂಕಾಗುವುದು ಕೆಂಪು.

ಇಷ್ಟಾದ ಮೇಲೆ ಅವರನ್ನು ಕರೆತರುವ ಪಾಡು. ಶಾಲೆಗೆ ಫೋನು ಮಾಡಿ ಈ ಸಲ ಬಾಯಾರನ್ನೇ ಕರೆಸಿ ಎಂದು ಹಟ ಹಿಡಿದೆ. "ಇದೊಂದ ಸಲ ಬರ್ರಿ. ಏನೂ ಕಾಣಲಿಲ್ಲಂದ್ರ ಗುಳಗಿ ಸುದ್ದಿ ನಾ ಮತ್ತ ಎತ್ತೂದಿಲ್ಲ" ಎಂದೆ. ಪಂದ್ಯ ಗೆಲ್ಲುವ ಆಸೆಗೋ ಏನೋ, ಬಂದರು.

ಪರದೆಯಿಂದ ಒಂದು ಮೀಟರು ದೂರದಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿ, ನಡುವಿನ ಬಿಳಿ ಗುಂಡಿಯನ್ನೇ ನೋಡಬೇಕೆಂದೆ. ಕೆಂಪು ಸೂಜಿ ಹೊರಗಿನಿಂದ ತಂದೆ. ಸೂಜಿ ಹೊರಟ ಕೂಡಲೇ ಕಣ್ಣು ಅದರ ಮೇಲೆ ಜಿಗಿಯಿತು. ಮತ್ತೆ ಹೇಳಿದೆ, ಮತ್ತೆ ಜಿಗಿಯಿತು. ಹೀಗೇ ಎಷ್ಟೋ ಸಲ. ನನ್ನ ತೋಳು ಸೋತಿತು, ದನಿ ಏರಿತು. ಅವರೂ ಸಿಟ್ಟಾದರು. "ನಾ ಬೇಕಂತ ಮಾಡಾಕತ್ತಿಲ್ರಿ. ಅದ ತಾನ ಹೋಗ್ತೈತಿ!"

ಸೂಜಿ ಕೆಳಗಿಟ್ಟೆ. ನೀರು ಕುಡಿದೆ. ಅವರ ಮೈದಾನದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದ ಹುಡುಗಿಯರ ಸಾಲು ಏಕೋ ನೆನಪಾಯಿತು.

"ಬಾಯಾರ, ಸಾಲಿನ್ಯಾಗ ಕುಂತ ಹುಡಿಗಿ ಬಾಜೂಕ ಎದುರಾಳಿ ಓಡಿ ಹೋದ್ರ ಏನ ಮಾಡಬೇಕು?"

"ಏನೂ ಮಾಡಬಾರದ್ರಿ. ಖೋ ಸಿಗೂತನಾ ಕುಂತಲ್ಲೇ ಕುಂದರಬೇಕು. ಎದ್ರ ಫೌಲ್."

"ಮುಟ್ಟುವಷ್ಟ ಹತ್ರ ಬಂದ್ರೂ?"

"ಬಂದ್ರೂ. ಗಮನಕ್ಕ ಇರಬೇಕು, ಮೈ ಅಳ್ಳಾಡಬಾರದು. ಅದ ಅಲ್ರಿ ಆಟ!"

"ಹಂಗಾರ ಈಗ ನಿಮ್ಮ ಕಣ್ಣು ಸಾಲಿನ್ಯಾಗ ಕುಂತೈತಿ ಅನ್ಕೋರಿ. ಸೂಜಿ ಎಷ್ಟ ಓಡಿದ್ರೂ ನಾ ಖೋ ಅನ್ನೂತನಾ ಏಳಂಗಿಲ್ಲ. ಗಮನಕ್ಕ ಇರ್ಲಿ, ಕೆಂಪ ಕಂಡ್ರ ಬಾಯಿಲೆ ಹೇಳ್ರಿ."

ಅವರು ಬೆನ್ನು ನೆಟ್ಟಗೆ ಮಾಡಿದರು. ಮುಖದಲ್ಲಿ ಏನೋ ಬದಲಾಯಿತು. ಆಮೇಲೆ ಆ ಕಣ್ಣು ಗುಂಡಿಯ ಮೇಲೆ ನೆಟ್ಟದ್ದು ಕದಲಲಿಲ್ಲ. ಸೂಜಿ ಹೊರಗಿನಿಂದ ಒಳಗೆ ಬರುತ್ತಿದ್ದಂತೆ "ಕೆಂಪ, ಕೆಂಪ, ಕೆಂಪ" ಎನ್ನುತ್ತಿದ್ದವರು ನಡುವಿನ ಸಮೀಪಕ್ಕೆ ಬಂದಾಗ ನಿಂತುಬಿಟ್ಟರು. ನಾನು ಸೂಜಿಯನ್ನು ಇನ್ನೂ ಒಳಕ್ಕೆ ತಂದೆ. "ಹಾಂ, ಮತ್ತ ಕೆಂಪ" ಅಂದರು. ಕೆಂಪು ಅಡಗಿದ ಜಾಗಕ್ಕೂ ಮತ್ತೆ ಕಂಡ ಜಾಗಕ್ಕೂ ಪರದೆಯ ಮೇಲೆ ಒಂದೊಂದು ಗುಂಡುಸೂಜಿ ಚುಚ್ಚಿದೆ. ಬೇರೆ ದಿಕ್ಕಿನಿಂದ ತಂದೆ. ಅಲ್ಲಿಯೂ ಅಷ್ಟೇ. ಸುತ್ತ ಎಲ್ಲ ದಿಕ್ಕಿನಿಂದಲೂ ಬಂದು, ಇನ್ನೊಂದು ಕಣ್ಣಿಗೂ ಹಾಗೇ ಮಾಡಿ, ಬೇರೆ ಬಣ್ಣದ ಗುಂಡುಸೂಜಿ ಚುಚ್ಚಿದೆ. ಬಿಳಿ ಮಣಿ ಬಹುತೇಕ ಎಲ್ಲ ಕಡೆ ಕಂಡಿತು. ಕೆಂಪು ಮಾತ್ರ ಆ ಪಟ್ಟಿಯೊಳಗೆ ಹೊಕ್ಕಾಗಲೆಲ್ಲ ಸತ್ತು ಹೋಗುತ್ತಿತ್ತು.

"ಖೋ" ಎಂದೆ.

ಅವರು ಕಣ್ಣಿನ ಪಟ್ಟಿ ತೆಗೆದು ಪರದೆಯ ಹತ್ತಿರ ಬಂದರು. ಗುಂಡುಸೂಜಿಗಳು ನಡುವಿನ ಗುಂಡಿಯ ಸುತ್ತ ಎರಡು ಬೇಲಿ ಕಟ್ಟಿದ್ದವು. ಬೇಲಿಗಳ ನಡುವಿನ ಜಾಗವನ್ನು ಬೆರಳಿಂದ ಒಂದು ಸುತ್ತು ಸವರಿದರು.

"ಇದು ನನ್ನ ಕಣ್ಣಾಗೈತೇನ್ರಿ?"

"ಹೌದ್ರಿ."

"ಸ್ಟಾಪ್‌ವಾಚಿನ ಅಂಕಿ ಇದರಾಗ ಬೀಳಾಕತ್ತಿದ್ವು."

"ಹೌದು."

"ಗುಳಗಿ ಬಿಟ್ರ ಹೋಕ್ಕೈತಿ?"

"ಇಲ್ಲ. ಬೆಳೀಲಾರದಂಗ ನಿಲ್ಲಬಹುದು. ಅದೂ ಖಾತ್ರಿ ಹೇಳಾಕ ಬರೂದಿಲ್ಲ. ಮೈಯಾಗಿಂದ ಆ ಔಷಧ ಇಳ್ಯಾಕ ಭಾಳ ದಿನ ಹಿಡಿತೈತಿ."

ಕುರ್ಚಿಯ ಮೇಲೆ ಕೂತರು. ಅಳಲಿಲ್ಲ. "ಹಂಗಾರ ಮಾರಿ ಬಿಡಬೇಕು, ಇಲ್ಲಾ ಕಣ್ಣ ಬಿಡಬೇಕು. ಯಾವುದು ಅಂತ ನೀವ ಹೇಳ್ರಿ" ಅಂದರು. ನಾನು ಚರ್ಮದ ವೈದ್ಯರಿಗೆ ಫೋನು ಮಾಡಿದೆ.

ಮುಂದಿನ ವಾರ ಚರ್ಮದ ವೈದ್ಯರು ತಮ್ಮ ರೋಗಿಗಳನ್ನು ನೋಡಿ ಮುಗಿಸಿ ನನ್ನಲ್ಲಿಗೆ ಬಂದರು. ನಿಜವಾಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಲೆಕ್ಕ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಪರದೆಯ ಮುಂದೆ ಸ್ವಲ್ಪ ಹೊತ್ತು ನಿಂತು, "ಇನ್ನು ಒಂದು ಮಾತ್ರೆಯೂ ಬೇಡ. ಇದರ ಜಾತಿಯ ಇನ್ನೊಂದೂ ಬೇಡ" ಅಂದರು. ಕಲೆಗೆ ಕೆಲವೇ ದಿನ ಬಲವಾದ ಮುಲಾಮು, ಆಮೇಲೆ ರಾತ್ರಿ ಹಚ್ಚುವ ಬೇರೊಂದು. ಉಳಿದದ್ದೆಲ್ಲ ನೆರಳಿನ ಮೇಲೆ. ಅಗಲ ಅಂಚಿನ ಟೋಪಿ, ಉದ್ದ ತೋಳು, ಛತ್ರಿ. ಬಿಸಿಲಿಗೆ ಇಳಿಯುವ ಮುಂಚೆಯೇ ಕಿವಿ, ಕುತ್ತಿಗೆ ಬಿಡದೆ ದಪ್ಪಗೆ ಹಚ್ಚಿ, ಬೆವೆತಾಗ ಮತ್ತೆ ಹಚ್ಚಬೇಕಾದ ಬಿಸಿಲು ತಡೆಯುವ ಲೋಶನ್ನು. ಮೋಡವಿದ್ದ ದಿನವೂ ಅಷ್ಟೇ.

ಕಾಗದದ ಮೇಲೆ ಇದೆಲ್ಲ ಎಷ್ಟು ಸರಳ! ಅವರ ಊರಿನ ಅಂಗಡಿಯಲ್ಲಿ ಲೋಶನ್ನಿನ ಬದಲು ಬೆಳ್ಳಗಾಗುವ ಕ್ರೀಮು ಕೊಟ್ಟರು, ಎರಡೂ ಒಂದೇ ಎಂದು ಹೇಳಿ. ಆಟದ ಅವಧಿಯನ್ನು ಮುಂಜಾನೆಗೆ ಹಾಕಿಕೊಡಿ ಎಂದು ನಾನು ಬರೆದ ಪ್ರಮಾಣಪತ್ರ ಹಿಡಿದು ಹೋದರೆ, ಹೆಡ್‌ಮಾಸ್ತರರು ಗಣಿತ ಇಂಗ್ಲಿಷನ್ನು ಮಧ್ಯಾಹ್ನಕ್ಕೆ ತಳ್ಳಲಾಗುವುದಿಲ್ಲ, ಸಂಜೆ ಉಳಿಸಿಕೊಂಡರೆ ಪಕ್ಕದ ಊರಿನ ಹುಡುಗಿಯರಿಗೆ ಬಸ್ಸಿಲ್ಲ ಎಂದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾತ್ರೆಯ ಬಲ ಇಳಿದ ಮೇಲೆ ಆಗಬಾರದೆಂದುಕೊಂಡದ್ದೇ ಆಯಿತು. ಒಂದು ದಿನ ಅವರು ಸರದಿ ಬಿಟ್ಟು ಸೀದಾ ಒಳಗೆ ನುಗ್ಗಿದರು. ಎರಡೂ ಕೆನ್ನೆ ಕೆಂಡದಂತೆ ಕೆಂಪೇರಿತ್ತು, ಮೂಗಿನ ಮೇಲೆ ಹೊಸ ಕಲೆ ಎದ್ದಿತ್ತು.

"ನೋಡ್ರಿ ಡಾಕ್ಟರ್ರ. ನಿಮ್ಮ ಮಾತ ಕೇಳಿ ಮಾರಿ ಸುಟಗೊಂಡೆ. ಗುಳಗಿ ಇನ್ನೂ ಚೀಲದಾಗ ಅದಾವ. ತಗೊಳ್ಳಲೇನು?"

ಹೊರಗಿನ ಬೆಂಚಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಬೇಡ ಎಂದು ಹೇಳುವ ಹಕ್ಕು ನನಗಿದೆಯೇ ಎಂಬುದೇ ಆ ಹೊತ್ತಿಗೆ ಖಚಿತವಿರಲಿಲ್ಲ. ಆದರೂ "ಬ್ಯಾಡ್ರಿ" ಎಂದೆ. ಅವರು ಪಟ್ಟಿಯನ್ನು ನನ್ನ ಮೇಜಿನ ಮೇಲೆ ಎಸೆದು ಹೋದರು.

ಆಮೇಲೆ ಅವರೇನು ಮಾಡಿದರೆಂಬುದು ನನಗೆ ತಿಳಿದದ್ದು ತಿಂಗಳುಗಳು ಕಳೆದು, ಅವರೇ ತಪಾಸಣೆಗೆ ಬಂದಾಗ. ಮೈದಾನದಲ್ಲಿ ನೆರಳಿಲ್ಲವೆಂದರೆ ನೆರಳಿದ್ದಲ್ಲಿಗೇ ಅಂಕಣ ಒಯ್ಯುವುದೆಂದು ಯೋಚಿಸಿ, ಶಾಲೆಯ ಕಟ್ಟಡದ ಮೂಡಲ ಬದಿ ನೋಡಿದರಂತೆ. ಹೊತ್ತು ಇಳಿದಂತೆ ಕಟ್ಟಡದ ನೆರಳು ಅಲ್ಲಿ ಚಾಚುತ್ತಿತ್ತು. ಆದರೆ ಕಟ್ಟುವಾಗ ಉಳಿದ ಕಲ್ಲು, ಗರಸು ಅಲ್ಲೇ ಗುಡ್ಡೆಯಾಗಿ ಬಿದ್ದಿತ್ತು. ಅದನ್ನು ಹುಡುಗಿಯರೊಂದಿಗೆ ಸೇರಿ ತಿಂಗಳೆರಡು ತಿಂಗಳು ಹೊತ್ತು ಹಾಕಿ, ನೆಲ ಸಮ ಮಾಡಿ, ಎರಡು ಕಂಬ ನೆಟ್ಟರು. ಆ ಜಾಗ ಬೇರೆ ಕೆಲಸಕ್ಕಿದೆ ಎಂದು ಹೆಡ್‌ಮಾಸ್ತರರು ತಕರಾರು ತೆಗೆದಾಗ, ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರಿಗೇ ಮುಖ ತೊಳೆದು ಪೌಡರಿಲ್ಲದ ಕೆನ್ನೆ ತೋರಿಸಿದರಂತೆ.

"ಏನಂತ ಹೇಳಿದ್ರಿ?"

"ಇದು ಒಬ್ಬರಿಂದೊಬ್ಬರಿಗಿ ಹತ್ತೂ ರೋಗ ಅಲ್ಲ, ಬಿಸಲಿನ ರೋಗ ಅಂದೆ. ನೆರಳ ಕೊಡ್ರಿ, ಇಲ್ಲಾಂದ್ರ ನನ್ನ ಬದಲಿ ಬಿಸಲಾಗ ನೀವ ನಿಂದರ್ರಿ ಅಂದೆ. ಸುಮ್ಮಾದ್ರು."

ಚಹದ ಕಪ್ಪಿನ ವಿಷಯ ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೂ ಹೇಳಲಿಲ್ಲ. ಕೆನ್ನೆಯ ಕೆಂಪು ಇಳಿದಿತ್ತು. ಮೂಗಿನ ಮೇಲಿನ ಕಲೆ ಮಾತ್ರ ಬಿಳಿಚಿ ಅಲ್ಲೇ ಕೂತಿತ್ತು. ಅದು ಹೋಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಬಿಳಿ ಸುಣ್ಣದ ಗೋಡೆಯಿಂದ ಬಿಸಿಲು ತಿರುಗಿ ಹೊಡೆಯುತ್ತದೆ, ನೆರಳಲ್ಲಿದ್ದರೂ ಲೋಶನ್ನು ಬಿಡಬೇಡಿ ಎಂದೆ. ಆ ಗೋಡೆಗೆ ಕೆಮ್ಮಣ್ಣು ಬಳಿಸಿದ್ದೇನೆ, ಆದರೆ ಧ್ವಜ ಏರಿಸುವ ದಿನ ಬಂದರೆ ಮತ್ತೆ ಸುಣ್ಣ ಹೊಡೆಯುತ್ತಾರೆ ಎಂದು ಬೇಸರದಿಂದ ಹೇಳಿದರು.

ಕೂರಿಸಿ ಪರೀಕ್ಷೆ ಶುರು ಮಾಡಿದೆ. ಈಗ ಹೇಳಿಕೊಡುವ ಅಗತ್ಯವಿರಲಿಲ್ಲ. ಬಲಗಣ್ಣಿನ ಉಂಗುರ ಹಿಂದಿನಷ್ಟೇ ಇತ್ತು. ಎಡಗಣ್ಣಿಗೆ ಬಂದೆ. ಕೆಳಗಿನ ಮೂಲೆಯಿಂದ ಕೆಂಪು ಮಣಿ ಬರುತ್ತಿದ್ದಾಗ, ಹಿಂದಿನ ಸಲ ಕಂಡಿದ್ದ ಜಾಗದಲ್ಲಿ ಅವರು ಸುಮ್ಮನಾದರು. ನಾನು ಸೂಜಿಯನ್ನು ಹಿಂದಕ್ಕೆ ಒಯ್ದು ಮತ್ತೆ ತಂದೆ. ಮತ್ತೆ ಸುಮ್ಮನೆ. ಮೂರನೆಯ ಸಲ ಒಯ್ಯುವಾಗ ನನ್ನ ಕೈ ನಿಧಾನವಾದದ್ದು ಅವರ ಗಮನಕ್ಕೆ ಬಂದಿರಬೇಕು. ಕಣ್ಣು ಗುಂಡಿಯ ಮೇಲಿಂದ ಕದಲಲಿಲ್ಲ, ತುಟಿ ಮಾತ್ರ ಆಡಿತು.

"ಎಷ್ಟ ಸಲ ತಂದ್ರೂ ಅಷ್ಟ ರೀ. ಹೋದ ಸಲ ಅಲ್ಲಿ ಕಂಡಿತ್ತು, ಈಗಿಲ್ಲ. ಕಂಡೈತಿ ಅನ್ನಲೇನು?"

ನಾನು ಸೂಜಿಯನ್ನು ಅಲ್ಲೇ ಹಿಡಿದು ನಿಂತೆ.

"ಅನ್ನೂದಿಲ್ಲ ನಾ," ಅಂದರು. "ಅಲ್ಲೇ ಗುಂಡಸೂಜಿ ಚುಚ್ಚರಿ."

ಚುಚ್ಚಿದೆ.